ಅಜ್ಜಿಗೆ ನಾಲ್ಕು ಕಿಟಕಿಯ ಮನೆ

ಇದನ್ನು ನೀವು ನಂಬುವುದಿಲ್ಲ. ಪರವಾಗಿಲ್ಲ, ನಮ್ಮ ಕ್ಲಾಸಿನವರೂ ನಂಬಲಿಲ್ಲ. ಟಿ.ಬಿ. ಬಂದು ಮಲಗಿದ್ದಾಗ ನಾನು ಒಂದು ಮನೆ ಕಟ್ಟಿದೆ. ಸೋಲಾರ್ ಇತ್ತು, ಗಾಳಿಯಂತ್ರ ಇತ್ತು, ಮಳೆನೀರು ಹಿಡಿಯುವ ತೊಟ್ಟಿ ಇತ್ತು, ಹಿತ್ತಿಲಲ್ಲಿ ಬಾಳೆ, ಛಾವಣಿ ಮೇಲೆ ಹುಲ್ಲು. ಒಂದು ಬಾಂಡ್ಲಿ ಸಿಮೆಂಟು ಮುಟ್ಟಲಿಲ್ಲ, ಮಂಚದಿಂದ ಕೆಳಗೆ ಕಾಲು ಸಹ ಇಡಲಿಲ್ಲ. ಮನೆ ಎಷ್ಟು ಚೆನ್ನಾಗಿತ್ತೆಂದರೆ, ಅದನ್ನು ನೋಡಿದ ಮೇಲೆ ನಮ್ಮಜ್ಜಿ ನಮ್ಮ ಮನೆಗೆ ವಾಪಸ್ ಬರಲೇ ಇಲ್ಲ.

ನಾನು ಜೆನ್ನಿ. ಪಿಯುಸಿ ಮೊದಲ ವರ್ಷ. ಮನೆ ಕುಂಬಾರಕೊಪ್ಪಲು. ಒಂದನ್ನು ಹತ್ತು ಮಾಡಿ ಹೇಳುತ್ತೇನೆ ಅಂತ ನನ್ನ ಮೇಲೆ ಮನೆಯಲ್ಲಿ ದೂರಿದೆ. ಇಲ್ಲಿ ಆದಷ್ಟು ನಾಲ್ಕಕ್ಕೋ ಐದಕ್ಕೋ ನಿಲ್ಲಿಸಿದ್ದೇನೆ.

ಮೊದಲು ಬಂದದ್ದು ಕೆಮ್ಮು. ಸರಸ್ವತಿಪುರಂ ಟ್ಯೂಷನ್ನಿನಲ್ಲಿ ನನ್ನ ಕೆಮ್ಮಿಗೆ ಒಂದು ಸ್ಥಾನಮಾನವೇ ಸಿಕ್ಕಿತ್ತು. ಫಿಸಿಕ್ಸ್ ಸರ್ ಬೋರ್ಡಿನ ಮುಂದೆ ಚಾಕ್‌ಪೀಸ್ ಹಿಡಿದು, "ಜೆನ್ನಿ ಮುಗಿಸ್ಲಿ, ಆಮೇಲೆ ಮುಂದಕ್ಕೆ ಹೋಗೋಣ" ಅಂತ ನಿಂತುಬಿಡುತ್ತಿದ್ದರು. ಮನೆಯಲ್ಲಿ ಅಜ್ಜಿ ದೊಡ್ಡಪತ್ರೆ ರಸ, ಒಳ್ಳೆಮೆಣಸಿನ ಕಷಾಯ, ಶುಂಠಿ ಜೇನು ಎಲ್ಲ ಕುಡಿಸಿದರು. ಕುಂಡದಲ್ಲಿದ್ದ ದೊಡ್ಡಪತ್ರೆ ಗಿಡ ಬೋಳಾಯಿತು, ಕೆಮ್ಮು ಮಾತ್ರ ಚಿಗುರುತ್ತಲೇ ಹೋಯಿತು. ಯೂನಿಫಾರ್ಮಿನ ಪ್ಯಾಂಟು ಸೊಂಟದಲ್ಲಿ ನಿಲ್ಲದೆ ಪಿನ್ನು ಹಾಕಬೇಕಾಯಿತು. ನಾನು ತೆಳ್ಳಗಾದೆ ಅಂತ ಕನ್ನಡಿ ಮುಂದೆ ಕುಣಿದೆ. ನಂದಿತಾ, ನನ್ನ ಟ್ಯೂಷನ್ ಗೆಳತಿ, "ಯಾವ ಡಯಟ್ಟೇ?" ಅಂತ ಹೊಟ್ಟೆಕಿಚ್ಚಿನಿಂದ ಕೇಳಿದಳು. "ಹೇಳಲ್ಲ, ನಮ್ಮ ಮನೆತನದ ಗುಟ್ಟು" ಅಂದೆ. ರಾತ್ರಿ ಬೆವರಿಗೆ ನೈಟಿ ಒದ್ದೆಯಾಗುತ್ತಿದ್ದದ್ದನ್ನು ಮಾತ್ರ ಅವಳಿಗೆ ಹೇಳಲಿಲ್ಲ.

ಕೊನೆಗೆ ಅಮ್ಮ ಆಸ್ಪತ್ರೆಗೆ ಎಳೆದುಕೊಂಡು ಹೋದರು. ಎಕ್ಸ್‌ರೇ ತೆಗೆದರು. ಅದನ್ನು ನೋಡಿದವರು ನಮ್ಮನ್ನು ಬೇರೆ ಕಡೆಗೆ ಕಳಿಸಿದರು. ಆ 'ಬೇರೆ ಕಡೆ' ಕಟ್ಟಡದ ಒಳಗಿರಲಿಲ್ಲ, ಹೊರಗಿತ್ತು. ಒಂದು ಹೊಂಗೆಮರ, ಅದರ ಕೆಳಗೆ ಕಬ್ಬಿಣದ ಬೆಂಚುಗಳು. ಕೆಮ್ಮುವವರಿಗೆಲ್ಲ ಅಲ್ಲೇ ವೇಯ್ಟಿಂಗ್ ರೂಮ್. ಒಬ್ಬರು ಕೆಮ್ಮಿದರೆ ಇನ್ನೊಬ್ಬರು, ಅವರಾದ ಮೇಲೆ ಮತ್ತೊಬ್ಬರು, ಸ್ಕೂಲಲ್ಲಿ ಹಾಜರಿ ಕೂಗಿದ ಹಾಗೆ. ಅಮ್ಮ ಮಾಸ್ಕ್ ಹಾಕಿ, ಮಾಸ್ಕಿನ ಮೇಲೆ ಸೆರಗು ಹೊದ್ದು, ಸೆರಗಿನ ಮೇಲೆ ಕೈ ಇಟ್ಟುಕೊಂಡು ಕೂತಿದ್ದರು. ಅವರು ಯುಕೆಜಿ ಟೀಚರ್. ಯಾವುದಾದರೂ ಮಗುವಿನ ಅಪ್ಪ ಅಮ್ಮ ನೋಡಿಬಿಟ್ಟರೆ ಅನ್ನುವ ಭಯ.

ನನ್ನ ಕೈಗೆ ಒಂದು ಪುಟ್ಟ ಡಬ್ಬಿ ಕೊಟ್ಟರು. ನಾನು ಮೂಲೆಗೆ ಹೋಗಿ ಶ್ರದ್ಧೆಯಿಂದ ಉಗುಳಿ ತಂದೆ. ಒಳಗಿದ್ದ ಲ್ಯಾಬಿನ ಅಣ್ಣ ಡಬ್ಬಿಯನ್ನು ಬೆಳಕಿಗೆ ಹಿಡಿದು ನೋಡಿ ವಾಪಸ್ ಕೊಟ್ಟರು.

"ಇದು ಎಂಜಲು ಕಣಮ್ಮ. ಕಫ ಬೇಕು. ಎದೆಯಿಂದ ಬರ್ಬೇಕು."

ಜೀವನದಲ್ಲಿ ಮೊದಲ ಸಲ ನಾನು ಉಗುಳುವುದರಲ್ಲಿ ಫೇಲಾದೆ. ಪಕ್ಕದ ಬೆಂಚಿನಲ್ಲಿದ್ದ ಹೆಂಗಸೊಬ್ಬರು ನಗುತ್ತಾ ನನಗೆ ಹೇಳಿಕೊಟ್ಟರು: "ಉಸ್ರು ಒಳಕ್ಕೆಳ್ಕೊ, ಇಡ್ಕೊ, ಈಗ ಕೆಮ್ಮು. ಆಂ, ಅಂಗೆ!" ಡಬ್ಬಿ ತುಂಬಿದಾಗ ನಮ್ಮಿಬ್ಬರಿಗೂ ಪದಕ ಬಂದಷ್ಟು ಸಂತೋಷ. ಆಮೇಲೆ ಅವರು ಬಳೆ ಸರಿಸಿ ತೋಳು ಮಡಚಿ ತೋರಿಸಿದರು. "ನೋಡು, ಬಂದಾಗ ಕಡ್ಡಿ ಆಗಿದ್ದೆ. ಈಗ ನನ್ ಗಂಡನ್ನೇ ಎತ್ತಿ ಬಿಸಾಕ್ತೀನಿ. ಎದ್ರುಕೋಬೇಡ." ಅವರ ಹೆಸರು ಕೇಳಲಿಲ್ಲ. ಆ ತೋಳನ್ನು ಮಾತ್ರ ಮರೆತಿಲ್ಲ. ನಿಮಗೇನಾದರೂ ಇದೇ ಕಾಯಿಲೆ ಬಂದು, ಅಂಥದ್ದೇ ಬೆಂಚಿನ ಮೇಲೆ ಕೂತಿದ್ದರೆ, ಆ ತೋಳನ್ನು ನಿಮಗೂ ಕೊಡುತ್ತಿದ್ದೇನೆ, ಇಟ್ಟುಕೊಳ್ಳಿ.

ಡಾಕ್ಟರ್ ಮೇಡಂ ಬರೆಯುತ್ತಲೇ ಮಾತಾಡುವವರು. ಕಾಯಿಲೆ ಇದೆ, ಆರು ತಿಂಗಳು ಮಾತ್ರೆ, ಒಂದು ದಿನವೂ ತಪ್ಪಿಸಬಾರದು, ಪೂರ್ತಿ ವಾಸಿಯಾಗುತ್ತದೆ ಅಂದರು. ಅಮ್ಮ ಸೆರಗಿನೊಳಗೇ ಅಳಲು ಶುರುಮಾಡಿದರು. ನಾನು ಮಾತ್ರ, "ಹಾಗಾದ್ರೆ ಇಂಟರ್ನಲ್ಸ್ ಬರೀಬೇಕಾಗಿಲ್ಲ ಅಲ್ವಾ ಮೇಡಂ?" ಅಂತ ಕೇಳಿದೆ. ಅವರು ನಕ್ಕರು.

"ಮಲಗೋ ರೂಮಲ್ಲಿ ಕಿಟಕಿ ಇದೆಯೇನಮ್ಮ?"

"ಇದೆ ಮೇಡಂ," ಅಂದರು ಅಮ್ಮ.

"ಇದೆ. ಬೀರು ಹಿಂದೆ ಇದೆ," ಅಂದೆ ನಾನು.

"ಆ ರೂಮಲ್ಲಿ ಒಬ್ಳೇ ಮಲಗ್ತೀಯಾ?"

"ಇಲ್ಲ, ಅಜ್ಜಿ ಜೊತೆ. ಒಂದೇ ಮಂಚ."

ಅವರ ಪೆನ್ನು ನಿಂತಿತು. ಅಲ್ಲಿಯವರೆಗೆ ನನಗೆ ಹೆದರಿಕೆಯೇ ಆಗಿರಲಿಲ್ಲ. ಆ ಪೆನ್ನು ನಿಂತದ್ದು ನೋಡಿ ಆಯಿತು.

ಅಜ್ಜಿ ಅಂದರೆ ನಮ್ಮಪ್ಪನ ತಾಯಿ. ಹೆಸರು ಆರೋಗ್ಯಮ್ಮ. ಅವರಪ್ಪ ಅಮ್ಮ ಆರೋಗ್ಯಮಾತೆಗೆ ಹರಕೆ ಹೊತ್ತ ಮೇಲೆ ಹುಟ್ಟಿದವರಂತೆ. ನಾನು ಎದೆಹಾಲು ಬಿಟ್ಟಾಗಿನಿಂದ ಅವರ ಪಕ್ಕದಲ್ಲೇ ಮಲಗಿದವಳು. ಮಂಚ ಅವರದು. ಮದುವೆಯಲ್ಲಿ ಅವರಪ್ಪ ಮಾಡಿಸಿಕೊಟ್ಟ ಮರದ ಮಂಚ, ತಲೆಕಡೆ ಹಲಗೆಯಲ್ಲಿ ದ್ರಾಕ್ಷಿ ಗೊಂಚಲು ಕೆತ್ತಿದ್ದಾರೆ. ಮಗ್ಗುಲು ಬದಲಿಸಿದರೆ ಸಾಕು, ಕಿರ್ರ್ ಅಂತ ಇಡೀ ಬೀದಿಗೆ ವರದಿ ಒಪ್ಪಿಸುತ್ತದೆ. ಅಪ್ಪನದು ಮೋಟಾರ್ ರಿವೈಂಡಿಂಗ್ ಅಂಗಡಿ. ಜಗತ್ತಿನ ಎಲ್ಲ ಸದ್ದನ್ನೂ ನಿಲ್ಲಿಸಬಲ್ಲ ಅವರ ಗ್ರೀಸ್ ಈ ಮಂಚದ ಮುಂದೆ ಸೋತಿತ್ತು.

ಮಲಗುವ ಮುಂಚೆ ಜಪಸರ. ನಿಮಗೆ ಗೊತ್ತಿಲ್ಲದಿದ್ದರೆ ಹೇಳುತ್ತೇನೆ, ಅದನ್ನು ಇಬ್ಬರು ಹೇಳಬೇಕು. ಪ್ರತಿ ಮಣಿಗೂ ಒಂದು ಪ್ರಾರ್ಥನೆ. ಮೊದಲರ್ಧ ಒಬ್ಬರು ಹೇಳಿದರೆ ಉಳಿದರ್ಧ ಇನ್ನೊಬ್ಬರು ಹೇಳಿ ಮುಗಿಸಬೇಕು. ಅದಕ್ಕೆ ಅಜ್ಜಿ 'ಉತ್ತರ ಕೊಡೋದು' ಅನ್ನುತ್ತಿದ್ದರು. ಅವರು ಶುರುಮಾಡುತ್ತಿದ್ದರು, ನಾನು ಮುಗಿಸುತ್ತಿದ್ದೆ. ಅರ್ಧ ನಿದ್ದೆಯಲ್ಲಿ ಒಂದೊಂದು ಸಲ ನನ್ನ ಉತ್ತರದೊಳಗೆ ಕೆಮಿಸ್ಟ್ರಿ ಫಾರ್ಮುಲಾ ಬಂದುಬಿಡುತ್ತಿತ್ತು. ಅಜ್ಜಿ ತೊಡೆಗೆ ಚಿವುಟುತ್ತಿದ್ದರು. ನಾನು ಹೊರಳುತ್ತಿದ್ದೆ. ಮಂಚ ಕಿರ್ರ್ ಅನ್ನುತ್ತಿತ್ತು.

ಎಲ್ಲರಿಗೂ ಪರೀಕ್ಷೆ ಮಾಡಿಸಿದರು. ಅಪ್ಪ, ಅಮ್ಮ, ಅಜ್ಜಿ ಯಾರಿಗೂ ಇರಲಿಲ್ಲ. ಆದರೆ ಅಜ್ಜಿಗೆ ವಯಸ್ಸು, ಸಕ್ಕರೆ ಕಾಯಿಲೆ ಬೇರೆ. ಸ್ವಲ್ಪ ಕಾಲ ದೂರ ಇದ್ದರೆ ಒಳ್ಳೆಯದು ಅಂದರು ಡಾಕ್ಟರ್. ಶ್ರೀರಾಂಪುರದಲ್ಲಿ ಸ್ಟೆಲ್ಲಾ ಅತ್ತೆ ಇದ್ದಾರೆ, ಅಪ್ಪನ ತಂಗಿ. ಅಲ್ಲಿಗೆ ಅಂತ ತೀರ್ಮಾನವಾಯಿತು.

ಅಜ್ಜಿ ಬಾಗಿಲಲ್ಲಿ ಚೀಲ ಹಿಡಿದು ನಿಂತು ಜಗಳ ತೆಗೆದರು. "ನಾನ್ಯಾಕ್ಲಾ ಓಗ್ಲಿ? ಈ ವಯಸ್ನಲ್ಲಿ ನಂಗೇನಾಗ್ಬೇಕು? ಮಗು ಒಬ್ಳೇ ಆಯ್ತಾಳೆ."

"ಅಮ್ಮ, ಸ್ವಲ್ಪ ದಿನ ಕಣಮ್ಮ. ಡಾಕ್ಟ್ರು ಹೂಂ ಅಂದ ತಕ್ಷಣ ನಾನೇ ಬಂದು ಕರ್ಕೊಂಡ್ ಬತ್ತೀನಿ," ಅಂದರು ಅಪ್ಪ.

ಆಟೋದವರು ಹಾರ್ನ್ ಹೊಡೆದರು. ಅಮ್ಮ ಒಳಗಿನಿಂದ ಅಜ್ಜಿಯ ದಿಂಬು ತಂದರು. ಅಜ್ಜಿ ತೆಗೆದುಕೊಳ್ಳಲಿಲ್ಲ.

"ದಿಂಬು ಇಲ್ಲೇ ಇರ್ಲಿ ಬುಡು. ಬರೋಳು ತಾನೆ."

ನಾನು ರೂಮಿನ ಬಾಗಿಲಲ್ಲಿ ಮಾಸ್ಕ್ ಹಾಕಿಕೊಂಡು ನಿಂತಿದ್ದೆ. ಏನಾದರೂ ಹೇಳಬೇಕಿತ್ತು. "ಅಜ್ಜಿ, ಅತ್ತೆ ಮನೇಲಿ ಎಸಿ ಐತೆ, ಮಜಾ ಮಾಡು" ಅಂದೆ. ಅಜ್ಜಿ ನಕ್ಕ ಹಾಗೆ ಮಾಡಿ ಆಟೋ ಹತ್ತಿದರು.

ಅವತ್ತೇ ಅಪ್ಪ ಬೀರು ಸರಿಸಿದರು. ಹಿಂದಿದ್ದ ಕಿಟಕಿ ಎಷ್ಟೋ ವರ್ಷಗಳ ಮೇಲೆ ತೆರೆಯಿತು. ತೆರೆದರೆ ಏನು? ಕೈಚಾಚಿದರೆ ಪಕ್ಕದ ಮನೆಯ ಬಚ್ಚಲಿನ ಗೋಡೆ, ಗೋಡೆಯಿಂದ ಇಳಿಯುವ ಪೈಪು. ಪಕ್ಕದ ಮನೆ ಅಂಕಲ್ ಯಾವ ಹೊತ್ತಿಗೆ ಸ್ನಾನ ಮಾಡುತ್ತಾರೆ, ಯಾವ ಹಾಡು ಹೇಳುತ್ತಾರೆ, ಯಾವ ಸಾಲಿನಲ್ಲಿ ಶ್ರುತಿ ತಪ್ಪುತ್ತಾರೆ ಎಲ್ಲ ನನಗೆ ಬಾಯಿಪಾಠವಾಯಿತು. ಗಾಳಿ ಮಾತ್ರ ಬಂದ ಹಾಗೂ ಇಲ್ಲ, ಬಾರದ ಹಾಗೂ ಇಲ್ಲ.

ಮಾತ್ರೆಯ ಬಗ್ಗೆ ಒಂದೇ ಮಾತು. ಮೊದಲ ದಿನ ಬಚ್ಚಲಿಗೆ ಹೋದರೆ ಮೂತ್ರ ಕಿತ್ತಳೆ ಬಣ್ಣ! ನಾನು ಕಿರುಚಿದ ಸದ್ದಿಗೆ ಪಕ್ಕದ ಅಂಕಲ್ ಹಾಡು ನಿಲ್ಲಿಸಿದರು. ಮಾತ್ರೆಯಿಂದಲೇ ಹಾಗಾಗುತ್ತದೆ, ಗಾಬರಿ ಬೇಡ ಅಂತ ಆಸ್ಪತ್ರೆಯಲ್ಲಿ ಹೇಳಿದ್ದನ್ನು ನಾನು ಕೇಳಿಸಿಕೊಂಡಿರಲಿಲ್ಲ. ನೀವು ಕೇಳಿಸಿಕೊಳ್ಳಿ.

ಬೆಳಿಗ್ಗೆ ಮಾತ್ರೆ, ಆಮೇಲೆ ವಾಂತಿ ಬರುವ ಹಾಗೆ ಹೊಟ್ಟೆ ತೊಳಸುವುದು, ಆಮೇಲೆ ಮೊಟ್ಟೆ. ಅಮ್ಮ ಬೀದಿಯಲ್ಲೆಲ್ಲ 'ನ್ಯುಮೋನಿಯಾ' ಅಂತ ಹೇಳಿದ್ದರು. ನನ್ನ ತಟ್ಟೆ ಲೋಟ ಬೇರೆ ಇಡಬೇಕಾಗಿಲ್ಲ ಅಂತ ಡಾಕ್ಟರ್ ಹೇಳಿದ್ದರೂ ಬೇರೆ ಇಟ್ಟಿದ್ದರು. ಲೋಟದ ತಳಕ್ಕೆ ನೇಲ್ ಪಾಲಿಶ್ ಚುಕ್ಕೆ. ನನಗೆ ಕಾಣದ ಹಾಗೆ ಇಟ್ಟಿದ್ದರು, ಪಾಪ. ಹಾಲು ಕುಡಿಯಲು ಲೋಟ ಎತ್ತಿದರೆ ಎದುರಿಗಿರುವವರಿಗೇ ತಾನೆ ತಳ ಕಾಣುವುದು? ಆ ಚುಕ್ಕೆಯನ್ನು ನೋಡುತ್ತಾ ನಿಂತಿರುತ್ತಿದ್ದವರು ಅಮ್ಮನೇ.

ಮೊದಮೊದಲು ಅಜ್ಜಿ ಫೋನಿನಲ್ಲೇ ಜಪಸರ ಹೇಳಿದರು. ಅತ್ತೆ ಮನೆಯ ಹಾಲಿನಲ್ಲಿ ಟಿ.ವಿ. ಸೀರಿಯಲ್ ಓಡುತ್ತಿರುತ್ತಿತ್ತು. ಅಜ್ಜಿಯ ಮೊದಲರ್ಧ ಇಲ್ಲಿಗೆ ಬರುವಷ್ಟರಲ್ಲಿ ಸಿಗ್ನಲ್ ಕುಂಟುತ್ತಿತ್ತು. ನನ್ನ ಉತ್ತರ ಅಲ್ಲಿ ಮುಟ್ಟುವಷ್ಟರಲ್ಲಿ ಅವರು ಮುಂದಿನ ಮಣಿಗೆ ಹೋಗಿರುತ್ತಿದ್ದರು. ನಡುವೆ ಸೀರಿಯಲ್ಲಿನ ಅತ್ತೆ ಸೊಸೆಗೆ ಶಾಪ ಹಾಕುತ್ತಿದ್ದಳು. ನನಗೆ ನಗು ತಡೆಯುತ್ತಿರಲಿಲ್ಲ. ನಕ್ಕರೆ ಕೆಮ್ಮು. ಕೆಮ್ಮಿದರೆ ಅಜ್ಜಿಗೆ ಗಾಬರಿ. "ಮಲಿಕ್ಕೊ ಮಗ, ನಾನೇ ಯೋಳ್ಕೊತೀನಿ" ಅಂದರು ಒಂದು ದಿನ. ಮಾರನೆಯ ದಿನ ನಾನು ಬೇಗ ಮಲಗಿಬಿಟ್ಟೆ. ಅದಾದ ಮೇಲೆ ಅದು ಹಾಗೇ ನಿಂತುಹೋಯಿತು. ಅಷ್ಟು ಸುಲಭವಾಗಿ ನಿಂತುಹೋಯಿತು ಅನ್ನುವುದೇ ಈಗ ಬೇಜಾರು.

ಆ ಹೊತ್ತಿಗೆ ನಂದಿತಾ ಗೇಮ್ ಕಳಿಸಿದಳು. ಅದರಲ್ಲಿ ಜನರನ್ನು ಮಾಡಬೇಕು, ಅವರಿಗೆ ಮನೆ ಕಟ್ಟಬೇಕು, ಅವರು ಅದರಲ್ಲಿ ಉಂಡು ಮಲಗಿ ಜಗಳವಾಡಿ ಬದುಕುತ್ತಾರೆ. ಆನ್‌ಲೈನ್ ಕ್ಲಾಸಿಗೆ ಅಂತ ತೆಗೆದುಕೊಟ್ಟಿದ್ದ, ಮೂಲೆ ಒಡೆದ ಟ್ಯಾಬ್ ನನ್ನ ಕಾರ್ಖಾನೆಯಾಯಿತು. ಆ ಗೇಮಿನಲ್ಲಿ ಪರಿಸರಕ್ಕೆ ಒಳ್ಳೆಯದಾದ ಪ್ರತಿ ವಸ್ತುವಿಗೂ ಹಸಿರೆಲೆ ಸಿಗುತ್ತದೆ. ಎಲೆ ಪೂರ್ತಿ ತುಂಬಿದರೆ ಬಾಗಿಲ ಮೇಲೆ ಒಂದು ಹಸಿರು ಪದಕ ಹೊಳೆಯುತ್ತದೆ. ನಂದಿತಾಳ ಮನೆಗೆ ಇನ್ನೂ ಪದಕ ಬಂದಿರಲಿಲ್ಲ. ಅಷ್ಟು ಸಾಕಲ್ಲ ನನಗೆ?

ಮೊದಲು ಮನೆಮಂದಿಯನ್ನು ಮಾಡಿದೆ. ಅಪ್ಪನ ಬೊಂಬೆಗೆ ಅವರ ಮೀಸೆಗೆ ಸರಿಹೋಗುವ ಮೀಸೆ ಇಡೀ ಗೇಮಿನಲ್ಲೇ ಇರಲಿಲ್ಲ, ಗುಡಿಸುವ ಬ್ರಷ್ಷಿನಂಥದ್ದೊಂದನ್ನು ಅಂಟಿಸಿದೆ. ಅಮ್ಮನ ಬೊಂಬೆ ಯಾವಾಗಲೂ ನಗುತ್ತಿತ್ತು, ಅದರಿಂದಲೇ ಅದು ನಕಲಿ ಅಂತ ಗೊತ್ತಾಗುತ್ತಿತ್ತು. ಅಜ್ಜಿಗೆ ಸೀರೆ ಸಿಗಲಿಲ್ಲ. ಬಿಳೀ ತುರುಬು ಇಟ್ಟು, ಒಂದು ಉದ್ದ ಅಂಗಿ ಹಾಕಿದೆ. ಥೇಟ್ ರಿಟೈರಾದ ಹೆಡ್‌ಮಿಸ್ಟ್ರೆಸ್. ಆ ಗೇಮಿನಲ್ಲಿ ಕಾಯಿಲೆಯೂ ಬರುತ್ತದೆ. ಮುಖದ ಮೇಲೆ ನೀಲಿ ಚುಕ್ಕೆ ಏಳುತ್ತವೆ. ಒಂದು ಬಟ್ಟಲು ಸೂಪು ಕುಡಿದರೆ ಮಾಯ. ನನ್ನ ಬೊಂಬೆಗೆ ನಾನು ದಿನಾ ಸೂಪು ಕುಡಿಸಿದೆ.

ಆಮೇಲೆ ಮನೆ. ಮಣ್ಣಿನ ಗೋಡೆ, ಎತ್ತರದ ಛಾವಣಿ, ಎಲ್ಲ ದಿಕ್ಕಿಗೂ ಕಿಟಕಿ. ಯಾವ ಕಿಟಕಿಯ ಮುಂದೆಯೂ ಬೀರು ಇಲ್ಲ. ಅಪ್ಪ ಅಂಗಡಿಯಿಂದ ಬಂದು ಬಾಗಿಲಲ್ಲಿ ನಿಂತೇ ನೋಡಿದರು.

"ನೀರಿನ ಸಂಪಿಗೆ ಮೋಟ್ರು ಎಲ್ಲಿ ಮಡಗಿದೀಯ?"

"ಸಂಪೇ ಇಲ್ಲಪ್ಪ, ಮಳೆ ನೀರು."

"ನೀರು ತಾನಾಗೇ ಮೇಲಕ್ಕತ್ತತದಾ? ಮೋಟ್ರಿಲ್ದೆ ಎಂತಾ ಮನೆ ಅದು?"

ಅವರ ಅನ್ನಕ್ಕೇ ಕಲ್ಲು ಹಾಕಿದ್ದೇನೆ ಅನ್ನುವ ಹಾಗೆ ತಲೆ ಕೊಡವಿಕೊಂಡು ಹೋದರು. ಅಮ್ಮ ಬಂದು ಕನ್ನಡಕ ಸರಿಮಾಡಿಕೊಂಡು ನೋಡಿ, "ಎಲ್ಲ ಸರಿ ಕಣೇ, ಬಟ್ಟೆ ಒಣಗಾಕೋದೆಲ್ಲಿ?" ಅಂದರು. ಗಾಳಿಯಂತ್ರದಿಂದ ಬಾಳೆಗಿಡಕ್ಕೆ ಒಂದು ತಂತಿ ಎಳೆದೆ. ಅದಕ್ಕೂ ಎಲೆ ಸಿಕ್ಕಿತು. ನಾನು ಕಾಯಿಲೆ ಬಿದ್ದ ಮೇಲೆ ಅಮ್ಮ ನನ್ನ ಮಂಚದ ಅಂಚಿನಲ್ಲಿ ಕೂತು ನಕ್ಕದ್ದು ಅವತ್ತೇ ಮೊದಲು.

ಅಜ್ಜಿಯ ರೂಮನ್ನು ಕೊನೆಗೆ ಇಟ್ಟುಕೊಂಡಿದ್ದೆ. ಊಟದಲ್ಲಿ ಮೊಟ್ಟೆಯ ಹಳದಿಯನ್ನು ಕೊನೆಗೆ ಇಟ್ಟುಕೊಳ್ಳುವುದಿಲ್ಲವೇ, ಹಾಗೆ. ಅದನ್ನು ಎಲ್ಲಕ್ಕಿಂತ ಚೆನ್ನಾಗಿ ಮಾಡಬೇಕಿತ್ತು. ನನ್ನ ತಲೆಯಲ್ಲಿ ಆಗ ಓಡುತ್ತಿದ್ದದ್ದು ಒಂದೇ, ಆ ನಿಂತ ಪೆನ್ನು. ಅಜ್ಜಿಗೆ ಗಾಳಿ ಬೇಕು. ನನ್ನ ಉಸಿರು ಅವರಿಗೆ ತಾಗಬಾರದು. ಅದಕ್ಕೆ ದೊಡ್ಡ ಮನೆಯಿಂದ ಬಿಡಿಸಿ, ತೋಟದ ಆಚೆ ಅಂಚಿನಲ್ಲಿ ಅವರೊಬ್ಬರಿಗೇ ಒಂದು ಕೋಣೆ ಕಟ್ಟಿದೆ. ನಾಲ್ಕು ಗೋಡೆ, ನಾಲ್ಕು ಕಿಟಕಿ. ಬಿಸಿನೀರಿಗೆ ಬೇರೆ ಸೋಲಾರ್. ಬಾಗಿಲಿಗೆ ನೀಲಿ ಬಣ್ಣ, ಅಜ್ಜಿಗೆ ನೀಲಿ ಇಷ್ಟ. ಒಳಗೆ ಒಂಟಿ ಮಂಚ, ಒಂದು ದಿಂಬು, ಗೋಡೆಯಲ್ಲಿ ದೇವರಿಗೆ ಗೂಡು. ಅಲ್ಲಿಂದ ನನ್ನ ರೂಮಿಗೆ ಬರಬೇಕಾದರೆ ತರಕಾರಿ ಮಡಿ, ಮೀನಿನ ಕೊಳ, ಗೊಬ್ಬರದ ಗುಂಡಿ ಎಲ್ಲ ದಾಟಬೇಕು. ನನ್ನ ಕೆಮ್ಮು ಎಷ್ಟೇ ಓಡಿದರೂ ಅಲ್ಲಿಗೆ ತಲುಪುವಂತಿರಲಿಲ್ಲ.

ಕೊನೆಯ ಕಿಟಕಿ ಇಟ್ಟ ತಕ್ಷಣ ಹಸಿರು ಪದಕ ಬಂತು! ನಂದಿತಾಗೆ ಸ್ಕ್ರೀನ್‌ಶಾಟ್ ಕಳಿಸಿದೆ, ಅವಳು ಮೂಗಿನಿಂದ ಹೊಗೆ ಬಿಡುವ ಮುಖದ ಎಮೋಜಿ ಕಳಿಸಿದಳು.

ಅಜ್ಜಿಗಾಗಿ ಒಂದು ವಿಡಿಯೋ ಮಾಡಿದೆ. ಮನೆಯೆಲ್ಲ ಸುತ್ತಾಡಿಸುತ್ತಾ, ಅರಮನೆ ತೋರಿಸುವ ಗೈಡ್ ಥರ ಗಂಟಲು ದಪ್ಪ ಮಾಡಿ, "ಬನ್ನಿ ಬನ್ನಿ, ಇದು ಶ್ರೀಮತಿ ಆರೋಗ್ಯಮ್ಮನವರ ಖಾಸಗಿ ನಿವಾಸ! ಅಜ್ಜೀ, ಇನ್ಮೇಲೆ ನನ್ ಕೆಮ್ಮು ಇಲ್ಲ, ಒದೆಯೋದಿಲ್ಲ, ಮಂಚ ಕಿರ್ರ್ ಅನ್ನಲ್ಲ. ಒಬ್ಳೇ ಆರಾಮಾಗಿ ಇರ್ಬೋದು!" ಅಂತೆಲ್ಲ ಹೇಳಿದ್ದೆ. ಅತ್ತೆಯ ಫೋನಿಗೆ ಕಳಿಸಿದೆ. ಭಾನುವಾರ ಚರ್ಚಿನಲ್ಲಿ ಪೂಜೆ ಮುಗಿಸಿ ಬಂದ ಮೇಲೆ ಅತ್ತೆ ಅದನ್ನು ಅಜ್ಜಿಗೆ ತೋರಿಸಿದರು. ಸಂಜೆ ಅಜ್ಜಿಯೇ ಫೋನ್ ಮಾಡಿದರು.

"ನೋಡ್ದೆ ಕಣವ್ವ. ಬಾಗ್ಲು ಚೆನ್ನಾಗೈತೆ."

"ಬರೀ ಬಾಗ್ಲಾ? ಕಿಟಕಿ?"

"ಕಿಟಕಿನೂ ಅವೆ. ಮೊಟ್ಟೆ ತಿಂದ್ಯಾ?"

ಅಷ್ಟೇ. ನನ್ನ ಶ್ರಮಕ್ಕೆ ಇಷ್ಟೇನಾ ಅಂತ ನನಗೆ ಸ್ವಲ್ಪ ಮುನಿಸು ಬಂತು.

ದಿನ ಕಳೆದವು. ಪ್ಯಾಂಟಿನ ಪಿನ್ನು ತೆಗೆದೆ. ಕೆಮ್ಮು ತಗ್ಗಿತು. ಮತ್ತೆ ಡಬ್ಬಿ, ಮತ್ತೆ ಹೊಂಗೆಮರ. ಈ ಸಲ ಡಬ್ಬಿ ತುಂಬಿಸುವಷ್ಟು ಕಫವೇ ಬರಲಿಲ್ಲ, ಬಂದ ಚೂರನ್ನೇ ಪರೀಕ್ಷೆಗೆ ಕೊಟ್ಟೆ. ಅದೇ ಒಳ್ಳೆ ಸುದ್ದಿ ಅಂದರು. ರಿಪೋರ್ಟ್ ನೋಡಿ ಡಾಕ್ಟರ್ ಮೇಡಂ, "ಇನ್ನು ನಿನ್ನಿಂದ ಯಾರಿಗೂ ಬರಲ್ಲ. ಮಾತ್ರೆ ಮಾತ್ರ ಬಿಡಂಗಿಲ್ಲ. ಅಜ್ಜಿನ ಕರ್ಕೊಂಡು ಬನ್ನಿ" ಅಂದರು. ಅಮ್ಮ ಅವತ್ತು ಮುಖದ ಮೇಲಿನ ಸೆರಗು ತೆಗೆದು, ಬರೀ ಮಾಸ್ಕಿನಲ್ಲಿ ಬಸ್ ಹತ್ತಿದರು. ಮನೆಗೆ ಬಂದು ನೇಲ್ ಪಾಲಿಶ್ ಚುಕ್ಕೆಯನ್ನು ಉಜ್ಜಿ ಉಜ್ಜಿ ತೆಗೆದರು.

ಅಪ್ಪ ಅಂಗಡಿ ಬಾಗಿಲು ಹಾಕಿ ನೇರ ಶ್ರೀರಾಂಪುರಕ್ಕೆ ಹೋದರು. ನಾನು ಅಜ್ಜಿಯ ದಿಂಬಿನ ಕವರ್ ಬದಲಿಸಿ ಇಟ್ಟಿದ್ದೆ. ಅಪ್ಪ ಒಬ್ಬರೇ ಬಂದರು.

"ಮಂಡಿ ನೋವಂತೆ. ಇನ್ನೊಂದು ವಾರ ಬುಟ್ಟು ಬತ್ತೀನಿ ಅಂದ್ರು."

ಇನ್ನೊಂದು ವಾರ ಬಿಟ್ಟು ಹೋದಾಗ ಅತ್ತೆ ಮನೆಯ ಹತ್ತಿರ ಪ್ರಾರ್ಥನಾಕೂಟ ಇದೆ ಅಂದರಂತೆ. ಅದಾದ ಮೇಲೆ, ಅಲ್ಲಿನ ಕಮೋಡ್ ಕೂರಲು ಸುಲಭ ಅಂದರಂತೆ. ಅಪ್ಪ ಚಪ್ಪಲಿ ಬಿಡುತ್ತಾ, ಯಾರ ಮುಖವನ್ನೂ ನೋಡದೆ, "ಅವ್ರಿಗೆ ಅಲ್ಲೇ ಸರಿಹೋಗೈತೆ ಅನ್ಸುತ್ತೆ. ಬಲವಂತ ಮಾಡೋದು ಬ್ಯಾಡ" ಅಂದರು. ನಾನು, "ಎಸಿ ಮಹಿಮೆ" ಅಂದೆ. ಯಾರೂ ನಗಲಿಲ್ಲ.

ಸ್ಟೆಲ್ಲಾ ಅತ್ತೆ ಫೋನ್ ಮಾಡಿದ್ದು ಅದರ ಮಾರನೆಯ ದಿನ. ಅಪ್ಪನಿಗಲ್ಲ, ನನಗೆ.

"ಜೆನ್ನಿ, ಆ ವಿಡಿಯೋದಲ್ಲಿ ಏನಂತ ಹೇಳಿದ್ದೆ ನೀನು?"

"ಮನೆ ತೋರಿಸ್ದೆ. ಯಾಕತ್ತೆ?"

"ಅಮ್ಮ ಅದನ್ನ ಮೂರ್ನಾಕು ಸಲ ಹಾಕಿಸ್ಕೊಂಡು ನೋಡಿದ್ರು ಕಣೇ. ಆಮೇಲೆ ಕೇಳಿದ್ರು, ನನ್ನ ಯಾಕೆ ತೋಟದಾಚೆ ಮಡಗವ್ಳೆ ಅಂತ. ನಾನು ಅದು ಆಟ ಕಣಮ್ಮ ಅಂದೆ. ಆಟ ಅಂತ ನಂಗೂ ಗೊತ್ತು ಕಣೆ, ಮನ್ಸಲ್ಲಿರೋದು ತಾನೆ ಆಟದಲ್ಲಿ ಬರೋದು ಅಂದ್ರು."

ನಾನು ಎದ್ದು ರೂಮಿನ ಬಾಗಿಲು ಹಾಕಿಕೊಂಡೆ. ಅತ್ತೆ ದನಿ ತಗ್ಗಿಸಿ ಮುಂದುವರಿಸಿದರು.

"ಅಷ್ಟು ದೂರ ಮಲಿಕ್ಕೊಂಡ್ರೆ ನಂಗೆ ಉತ್ರ ಕೊಡೋರ್ಯಾರು ಅಂದ್ರು ಕಣೇ. ಮಗು ದೊಡ್ಡೋಳಾದ್ಲು, ಒಬ್ಳೇ ಮಲಗಿ ಅಭ್ಯಾಸ ಆಗೋಯ್ತು, ನಾನ್ಯಾಕೆ ಓಗಿ ಮಧ್ಯ ಬೀಳ್ಳಿ ಅಂತಾರೆ. ಅಣ್ಣಂಗೆ ಹೇಳ್ಬೇಡ ಅಂದವ್ರೆ. ನೀನೇ ಮಾತಾಡು."

ಟ್ಯಾಬ್ ತೆಗೆದು ಆ ಕೋಣೆಯನ್ನು ನೋಡಿದೆ. ಅಜ್ಜಿಯ ಕಣ್ಣಲ್ಲಿ ನೋಡಿದರೆ ಅದು ಹೇಗಿತ್ತು ಗೊತ್ತಾ? ಎಲ್ಲರೂ ಒಂದು ಮನೆಯಲ್ಲಿ. ಅವರೊಬ್ಬರು ಗೊಬ್ಬರದ ಗುಂಡಿಯ ಆಚೆ. ಒಂಟಿ ಮಂಚ. ಒಂದೇ ದಿಂಬು. ನಾಲ್ಕು ಕಿಟಕಿ ಇಟ್ಟಿದ್ದೆ, ನಿಜ. ಯಾವ ಕಿಟಕಿಯಲ್ಲಿ ನಿಂತರೂ ನಾನು ಕಾಣುತ್ತಿರಲಿಲ್ಲ.

ಫೋನ್ ಮಾಡಿದೆ. ಅಜ್ಜಿ ಮೊದಲು ಮೊಟ್ಟೆ ಕೇಳಿದರು, ಆಮೇಲೆ ಮಾತ್ರೆ ಕೇಳಿದರು, ಆಮೇಲೆ ತೂಕ ಕೇಳಿದರು. ನಾನು ಎಲ್ಲಕ್ಕೂ ಉತ್ತರ ಹೇಳಿದೆ. "ಬಾ ಅಜ್ಜಿ, ನೀನಿಲ್ದೆ ನಂಗೆ ನಿದ್ದೆ ಬರಲ್ಲ" ಅನ್ನುವುದು ನಾಲಗೆಯ ತುದಿಗೆ ಬಂದಿತ್ತು. ಅದನ್ನು ಹೇಳುವುದು ಹೇಗೆ? ನಮ್ಮ ಮನೆಯಲ್ಲಿ ಯಾರೂ ಯಾರಿಗೂ ಹಾಗೆ ಹೇಳುವುದಿಲ್ಲ, ನಾನಂತೂ ತಮಾಷೆಯವಳು.

"ಅಜ್ಜಿ, ಹಳೇ ಮನೆ ಕ್ಯಾನ್ಸಲ್. ಹೊಸ ಮನೆ ಕಟ್ತಾ ಇದೀನಿ. ವಿಡಿಯೋ ಕಳಿಸ್ತೀನಿ, ನೋಡು."

"ಕಳ್ಸವ್ವ," ಅಂದರು. "ನೋಡ್ತೀನಿ."

ಅವತ್ತೇ ತೋಟದಾಚೆಯ ಕೋಣೆಯನ್ನು ಕೆಡವಿದೆ. ಸೋಲಾರ್ ಹೋಯಿತು, ಎಲೆಗಳು ಉದುರಿದವು. ನನ್ನ ರೂಮಿನೊಳಗೆ ಇಬ್ಬರಿಗೂ ಜಾಗ ಮಾಡಲು ಒಂದು ಗೋಡೆ ಒಡೆದೆ, ಮಂಚಕ್ಕಾಗಿ ಒಂದು ಕಿಟಕಿ ಮುಚ್ಚಿದೆ, ಇನ್ನಷ್ಟು ಎಲೆ ಉದುರಿದವು. ಹಸಿರು ಪದಕ ಟಪ್ ಅಂತ ಮಾಯವಾಯಿತು. ನಂದಿತಾ ಆನ್‌ಲೈನಿನಲ್ಲಿ ಅದನ್ನು ನೋಡಿ ತಕ್ಷಣ ಫೋನ್ ಮಾಡಿದಳು.

"ತಲೆ ಕೆಟ್ಟಿದ್ಯೇನೇ? ಅಷ್ಟು ಚೆನ್ನಾಗಿದ್ದ ಮನೇನ ಯಾಕೆ ಒಡೆದಾಕ್ದೆ?"

"ನಮ್ಮಜ್ಜಿ ಬರ್ತಾರೆ," ಅಂದೆ.

ಇಲ್ಲಿಗೇ ನಿಲ್ಲಿಸಿ ವಿಡಿಯೋ ಮಾಡಿ ಕಳಿಸಿಬಿಟ್ಟಿದ್ದರೆ ಆಗಿಹೋಗುತ್ತಿತ್ತು. ಆದರೆ ನಾನು ಜೆನ್ನಿ. ಎಲ್ಲ ಸರಿಯಾಗಿರಬೇಕು, ನೋಡಿದವರು ಬಾಯಿ ಬಿಡಬೇಕು. ಗೇಮಿನಲ್ಲಿದ್ದ ಮಂಚಗಳೆಲ್ಲ ಗುಲಾಬಿ ಬಣ್ಣದ ಮೆತ್ತೆಯವು. ಮರದ ಮಂಚ ಬರಬೇಕಾದರೆ ಅಪ್ಪನ ಬೊಂಬೆ ಬಡಗಿ ಕೆಲಸ ಕಲಿಯಬೇಕು. ಕಲಿಸಿದೆ, ದಿನಗಟ್ಟಲೆ. ತಲೆಕಡೆಗೆ ದ್ರಾಕ್ಷಿ ಗೊಂಚಲಿನ ಚಿತ್ರ ಹುಡುಕಿದೆ. ದಿಂಬಿನ ಕವರಿಗೆ ಅಜ್ಜಿಯ ಹಳೆ ಹೂವಿನ ಬಟ್ಟೆಯ ಬಣ್ಣವೇ ಬೇಕು ಅಂತ ಹಟ ಹಿಡಿದೆ. ದಿನಾ ಸಂಜೆ, ನಾಳೆ ಕಳಿಸೋಣ ಅಂದುಕೊಂಡೆ. ಅತ್ತ ಅಜ್ಜಿ ದಿನಾ ಪೂಜೆ ಮುಗಿದ ಮೇಲೆ, "ಜೆನ್ನಿ ಏನಾದ್ರೂ ಕಳ್ಸವ್ಳಾ?" ಅಂತ ಕೇಳುತ್ತಿದ್ದರಂತೆ. ಆಮೇಲೆ ಕೇಳುವುದನ್ನು ಬಿಟ್ಟರಂತೆ. ಇದು ನನಗೆ ಈಗ ಗೊತ್ತು.

ಕೊನೆಗೆ ಒಂದು ಮಧ್ಯಾಹ್ನ ಮನೆ ಮುಗಿಯಿತು. ಅಜ್ಜಿಯ ಮಂಚದ ಮೇಲೆ ಮಂಡಿ ಮಡಚಿ ಕೂತು ಟ್ಯಾಬಿನಲ್ಲಿ ರೆಕಾರ್ಡ್ ಒತ್ತಿದೆ. ಈ ಸಲ ಗೈಡ್ ದನಿ ಮಾಡಲಿಲ್ಲ. ಬಿಳೀ ತುರುಬಿನ ಬೊಂಬೆಯನ್ನೂ ನನ್ನ ಬೊಂಬೆಯನ್ನೂ ಒಂದೇ ಮಂಚದಲ್ಲಿ ಮಲಗಿಸಿದೆ. "ಅಜ್ಜಿ, ನೀನು ಶುರುಮಾಡು, ನಾನು ಉತ್ರ ಕೊಡ್ತೀನಿ" ಅಂದು, ಅವರಿಗೆ ಮೊದಲರ್ಧ ಹೇಳಲು ಬೇಕಾದಷ್ಟು ಹೊತ್ತು ಬಿಟ್ಟು, ಉಳಿದರ್ಧವನ್ನು ಹೇಳಿದೆ. ಮತ್ತೆ ಅಷ್ಟು ಹೊತ್ತು ಬಿಟ್ಟೆ, ಮತ್ತೆ ಹೇಳಿದೆ. ಮೂರನೆಯ ಮಣಿಯಲ್ಲಿದ್ದಾಗ ಬಾಗಿಲು ತೆರೆಯಿತು.

ಅಪ್ಪ. ಈ ಹೊತ್ತಿನಲ್ಲಿ ಅವರು ಅಂಗಡಿಯಲ್ಲಿರಬೇಕು. ಕೈಯಲ್ಲಿ ಸ್ಪ್ಯಾನರ್, ಇನ್ನೊಂದು ಕೈಯಲ್ಲಿ ಬೋಲ್ಟು ಹಾಕಿಡುವ ಹಳೆ ಡಬ್ಬಿ.

"ಏಳು ಮಗ."

"ಯಾಕಪ್ಪ?"

"ಅಜ್ಜಿ ಮಂಚ ಕೇಳವ್ರೆ. ಸ್ಟೆಲ್ಲಾ ಹಿಂದುಗಡೆ ರೂಮು ಖಾಲಿ ಮಾಡ್ಕೊಟ್ಟವ್ಳೆ. ದಿವಾನ್ ಮೇಲೆ ಬೆನ್ನು ನೋವಂತೆ."

"ಅಪ್ಪ, ಒಂದ್ನಿಮಿಷ, ಇದೊಂದು ವಿಡಿಯೋ—"

"ಟೆಂಪೋ ನಿಂತೈತೆ ಕಣಮ್ಮ." ಅವರು ಬಗ್ಗಿ, ಎರಡು ದಿಂಬಿನಲ್ಲಿ ಒಂದನ್ನು ಎತ್ತಿ ಕಂಕುಳಲ್ಲಿ ಇಟ್ಟುಕೊಂಡರು. ಯಾವುದು ಅಜ್ಜಿಯದು ಅಂತ ಅವರು ಕೇಳಲಿಲ್ಲ.

ನಾನು ಕೆಳಗಿಳಿದೆ. ಅಪ್ಪ ತಲೆಕಡೆಯ ಬೋಲ್ಟಿಗೆ ಸ್ಪ್ಯಾನರ್ ಹಾಕಿ ಬಲವಾಗಿ ತಿರುಗಿಸಿದರು. ನಾನು ಹುಟ್ಟಿದಾಗಿನಿಂದ ಒಂದು ಮಗ್ಗುಲಿಗೂ ಕಿರ್ರ್ ಅನ್ನದೆ ಬಿಡದ ಆ ಮಂಚ, ಅವತ್ತು ಸದ್ದೇ ಮಾಡಲಿಲ್ಲ.